ಫಸಲಿನ ಕಳವು ಮತ್ತು ಅದನ್ನು ತಡೆಯುವ ಉಪಾಯಗಳು

ರೋಗ, ಕೀಟ, ಅನಾವೃಷ್ಟಿಗಳಿಂದ ಕಾಪಾಡಿದ ಫಸಲು ಕಣದಲ್ಲಿ ಕಳ್ಳರ ಪಾಲಾದರೆ, ರೈತನಿಗೆ ಒದಗುವ ನಷ್ಟವು ಬೆಳೆಯೇ ಆಗದಿದ್ದುದಕ್ಕಿಂತಲೂ ಹೆಚ್ಚಿನದು. ಏಕೆಂದರೆ ಬೀಜ, ಗೊಬ್ಬರ, ಕೂಲಿಗಳ ವೆಚ್ಚವೆಲ್ಲವೂ ಅಷ್ಟರಲ್ಲಿ ಸಂದುಹೋಗಿರುತ್ತದೆ.

ಕಳವಿಗೆ ಕಠಿಣ ಶಿಕ್ಷೆಯೊಂದೇ ಮದ್ದೆಂದು ಅನೇಕರು ಭಾವಿಸುವರು. ಆದರೆ ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದು ತಪ್ಪದೆಂಬ ನಿಶ್ಚಯವೇ ಎಂದು ಇಟಲಿ ದೇಶದ ಬೆಕ್ಕಾರಿಯಾ ಎಂಬ ಪಂಡಿತನು 1764ರಲ್ಲಿಯೇ ಪ್ರತಿಪಾದಿಸಿದನು. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನ ಮೇರೆಗೆ ಕಳವಿಗೆ 3 ವರ್ಷಗಳವರೆಗೂ, 305ನೆಯ ಕಲಮಿನ ಮೇರೆಗೆ ಮನೆ ಅಥವಾ ಉಗ್ರಾಣದೊಳಗಿನ ಕಳವಿಗೆ 7 ವರ್ಷಗಳವರೆಗೂ ಸೆರೆವಾಸವುಂಟು. ಸಿಕ್ಕಿಬೀಳುವ ಭಯವಿಲ್ಲದವನನ್ನು ಈ ಕಲಮುಗಳು ತಡೆಯಲಾರವು.

ಹಿಂದಿನವರು ಇದನ್ನು ಅರಿತಿದ್ದರು. ತೂರಿದ ರಾಶಿಯ ಮೇಲೆ ಬೂದಿಯ ಗೆರೆಯನ್ನೆಳೆದು ಮುದ್ರೆಯನ್ನು ಒತ್ತುತ್ತಿದ್ದರು. ಒಂದು ಮೊರದಷ್ಟು ಧಾನ್ಯವನ್ನು ತೆಗೆದರೂ ಗುರುತು ಕೆಡುತ್ತಿದ್ದಿತು. ತಳವಾರ ತೋಟಿಗಳು ಕಾವಲಿದ್ದು ಕಣದಲ್ಲಿ ಆಯವನ್ನು ಪಡೆಯುತ್ತಿದ್ದರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಶಾಸನವು ರದ್ದುಗೊಳಿಸಿದ ಮೇಲೆ ಈ ಹೊಣೆಯು ಬಹುಮಟ್ಟಿಗೆ ಜಮೀನುದಾರರದೇ ಆಗಿರುತ್ತದೆ. ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

(1) ಕಣವನ್ನು ಊರಿಗೆ ಕಾಣುವ ಸ್ಥಳದಲ್ಲಿ ಮಾಡಬೇಕು. ನಾಲ್ಕಾರು ಹಿಡುವಳಿದಾರರು ಒಂದೆಡೆ ಒಕ್ಕಿದರೆ ಸರದಿಯ ಮೇಲೆ ಕಾವಲಿರುವುದು ಸುಲಭ.

(2) ಒಣಗಿದ ಅಡಿಕೆಯನ್ನು ರಾತ್ರಿ ಅಂಗಳದಲ್ಲಿ ಬಿಡಬಾರದು. ಪ್ರತಿ ಚೀಲವನ್ನೂ ತೂಗಿ, ಬಣ್ಣದಲ್ಲಿ ಗುರುತು ಹಾಕಿ, ತೂಕವನ್ನು ಪುಸ್ತಕದಲ್ಲಿ ಬರೆದಿಡಬೇಕು.

(3) ಪಂಪಿನ ತಾಮ್ರದ ತಂತಿಯನ್ನು ಕೊಳವೆಯೊಳಗಿರಿಸಿ ನೆಲದಲ್ಲಿ ಹೂಳಬೇಕು; ಮೋಟಾರಿನ ನಂಬರನ್ನು ಬರೆದಿಟ್ಟಿರಬೇಕು.

(4) 2001ರ ತಿದ್ದುಪಡಿಯಿಂದ ಹಿಡುವಳಿಯ ಶ್ರೀಗಂಧದ ಮರಗಳು ಹಿಡುವಳಿದಾರನಿಗೇ ಸಲ್ಲುತ್ತವೆ. ಅವುಗಳನ್ನು ಎಣಿಸಿ, ಸುತ್ತಳತೆಯನ್ನು ಬರೆದಿಟ್ಟು, ಮುಳ್ಳುಬೇಲಿಯನ್ನೂ ದೀಪವನ್ನೂ ಏರ್ಪಡಿಸಬೇಕು.

(5) ಕಳವಾದಲ್ಲಿ ಹೆಜ್ಜೆಯ ಗುರುತುಗಳನ್ನು ತುಳಿಯದೆ, ಅದೇ ದಿನ ಪೋಲೀಸು ಠಾಣೆಗೆ ಲಿಖಿತ ದೂರನ್ನು ಕೊಡಬೇಕು.

ಗ್ರಾಮದ ಮುಖಂಡರು ಮತ್ತೊಂದು ವಿಷಯವನ್ನು ಮರೆಯಬಾರದು. ಕಳವಾದೊಡನೆ ಸಂಶಯವು ಸಾಮಾನ್ಯವಾಗಿ ಕೂಲಿಯಾಳುಗಳ ಮೇಲೆ ಬೀಳುತ್ತದೆ. ಆಧಾರವಿಲ್ಲದೆ ಹೊಡೆದು ಬಡಿದು ಮಾಡುವುದು ತಾನೇ ಅಪರಾಧವಾಗುವುದಲ್ಲದೆ, ನಿಜವಾದ ಕಳ್ಳನು ನಿಶ್ಚಿಂತನಾಗಿ ಮರಳಿ ಬರುವುದಕ್ಕೆ ಅನುಕೂಲವಾಗುತ್ತದೆ. ತೂಕದ ಪುಸ್ತಕ, ಚೀಲದ ಗುರುತು ಇವುಗಳು ಒಡೆಯನ ಮಾಲನ್ನು ಕಾಯುವಂತೆ ನಿರಪರಾಧಿಯಾದ ಆಳಿನ ಮಾನವನ್ನೂ ಕಾಯುತ್ತವೆ. ಬರುವ ಸುಗ್ಗಿಗೆ ಮೊದಲೇ ಗ್ರಾಮಸ್ಥರು ಸಭೆ ಸೇರಿ ಕಾವಲಿನ ಸರದಿಯನ್ನು ಗೊತ್ತುಮಾಡಿಕೊಳ್ಳುವುದು ಉತ್ತಮ.