ದೊಡ್ಡ ತೋಟಾ ತಪ್ಪಿದ ಗುರಿಯನ್ನು ತಿದ್ದುವುದಿಲ್ಲ

ಕೆನೆತ್ ಆ್ಯಂಡರ್ಸನ್ ಮತ್ತು ಜಿಮ್ ಕಾರ್ಬೆಟ್ ಅವರನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಕಾಡಿನ ಜೊತೆಗೆ ಕೋವಿಯ ಪರಿಚಯವೂ ಆಗಿರುತ್ತದೆ. ಬೆಂಗಳೂರಿನ ಆ್ಯಂಡರ್ಸನ್ ಹೆಗಲಿಗೇರಿಸುತ್ತಿದ್ದದ್ದು .405 ವಿಂಚೆಸ್ಟರ್. ಕಾರ್ಬೆಟ್‌ಗೆ 1907ರಲ್ಲಿ ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಉಡುಗೊರೆಯಾಗಿ ಬಂದದ್ದು .275 ರಿಗ್ಬಿ. ಮೊದಲನೆಯದರ ತೋಟಾದಿಂದ ಹಾರುವ ಗುಂಡು 19 ಗ್ರಾಂಗೂ ಹೆಚ್ಚು ತೂಗುತ್ತದೆ. ಎರಡನೆಯದು ಅದರ ಅರ್ಧದಷ್ಟು. ಇಬ್ಬರೂ ಹೆಚ್ಚಾಗಿ ಹೊಡೆದದ್ದು ಹತ್ತಾರು ಗಜಗಳಿಂದ. ಅಷ್ಟು ಹತ್ತಿರದಲ್ಲಿ ಎರಡು ತೋಟಾಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. 400, 500 ಮೀಟರ್ ದೂರಕ್ಕೆ ಹೋದಾಗಲೇ ಅದು ಹೊರಬರುವುದು, ಮತ್ತು ಜನ ನಂಬಿದಂತೆ ಹೊರಬರುವುದಿಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಗೆ ಯಾವ ತೋಟಾ ಎಂಬ ಪ್ರಶ್ನೆ ಪುಸ್ತಕದಲ್ಲಷ್ಟೇ ಉಳಿಯಿತು. ಅದು ಇಂದಿಗೂ ಜೀವಂತವಾಗಿರುವುದು ಅಮೆರಿಕದ ರಾಕಿ ಪರ್ವತಗಳ ಸೀಮೆಯಲ್ಲಿ. ಕೊಲರಾಡೊ, ವಯೋಮಿಂಗ್, ಮೊಂಟಾನಾ, ಐಡಹೊ ರಾಜ್ಯಗಳಲ್ಲಿ ಪರವಾನಗಿ ಪಡೆದು ಎಲ್ಕ್ ಬೇಟೆಯಾಡುತ್ತಾರೆ. ಎಲ್ಕ್ ನಮ್ಮ ಕಡವೆಗಿಂತಲೂ ದೊಡ್ಡದಾದ ಜಿಂಕೆ. ಗಂಡು 300 ಕಿಲೋ ಸುಲಭವಾಗಿ ದಾಟುತ್ತದೆ. ಒಂದು ಬೆಟ್ಟದ ಬೋಳು ಮೈಯಿಂದ ಎದುರು ಬೆಟ್ಟದಲ್ಲಿ ಮೇಯುವ ಪ್ರಾಣಿಗೆ ಗುರಿಯಿಡಲು ಯಾವ ತೋಟಾ ಮೇಲು ಎಂಬ ವಾದ ಅಲ್ಲಿ ಮುಗಿಯುವುದಿಲ್ಲ. ವಾದದ ತಳದಲ್ಲಿ ಕೆಲವು ಹಳೆಯ ತಪ್ಪು ಕಲ್ಪನೆಗಳು ಕೂತಿವೆ.

"ಬಲವಾದ ಗುಂಡು ಪ್ರಾಣಿಯನ್ನು ಬಡಿದು ಕೆಡವುತ್ತದೆ"

ಸಿನಿಮಾ ಹುಟ್ಟುವ ಮೊದಲಿನಿಂದಲೂ ಇರುವ ನಂಬಿಕೆ ಇದು. ಸಿನಿಮಾ ಅದನ್ನು ಗಟ್ಟಿ ಮಾಡಿತು. ಲೆಕ್ಕ ಹಾಕಿ ನೋಡೋಣ. .30-06 ಸ್ಪ್ರಿಂಗ್‌ಫೀಲ್ಡ್ ಅಮೆರಿಕದ ಸೈನ್ಯ 1906ರಲ್ಲಿ ಒಪ್ಪಿಕೊಂಡ ತೋಟಾ. ಅದರ 180 ಗ್ರೇನ್ ಗುಂಡಿನ ತೂಕ 11.7 ಗ್ರಾಂ, ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 820 ಮೀಟರ್. ಅಷ್ಟೂ ವೇಗದಲ್ಲಿ ಅದು 300 ಕಿಲೋ ತೂಗುವ ಎಲ್ಕ್‌ನ ಮೈಯಲ್ಲಿ ನಿಂತುಬಿಟ್ಟರೂ ಆ ಪ್ರಾಣಿಗೆ ಸಿಗುವ ತಳ್ಳು ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ಮಾತ್ರ. ಪ್ರಾಣಿಯನ್ನು ಎತ್ತಿ ಎಸೆಯುವಷ್ಟು ಬಲ ಗುಂಡಿನಲ್ಲಿ ಇದ್ದಿದ್ದರೆ ಕೋವಿ ಹಿಡಿದವನೂ ಅಷ್ಟೇ ಬಲವಾಗಿ ಹಿಂದಕ್ಕೆ ಬೀಳಬೇಕಿತ್ತು.

ಪ್ರಾಣಿ ಸಾಯುವುದು ಶ್ವಾಸಕೋಶ, ಹೃದಯ, ದೊಡ್ಡ ರಕ್ತನಾಳಗಳು ಹರಿದು ಮೆದುಳಿಗೆ ರಕ್ತ ನಿಂತಾಗ, ಇಲ್ಲವೇ ಮೆದುಳಿಗೆ, ಬೆನ್ನುಹುರಿಗೆ ನೇರ ಪೆಟ್ಟಾದಾಗ. ಎಲ್ಲಿ ತಾಗಿತು, ಎಷ್ಟು ಆಳಕ್ಕೆ ಹೋಯಿತು, ಒಳಗೆ ಎಷ್ಟು ಅಗಲಕ್ಕೆ ಹರಿಯಿತು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ಆಫ್ರಿಕಾದಲ್ಲಿ 'ಕರಮೋಜೊ' ಬೆಲ್ ಎಂಬ ಸ್ಕಾಟ್‌ಲೆಂಡಿನವ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಹೆಮ್ಮೆಪಡುವ ಲೆಕ್ಕವಲ್ಲ ಅದು, ದುಃಖದ ಲೆಕ್ಕ. ಆದರೆ ಅವುಗಳಲ್ಲಿ ಬಹುಪಾಲನ್ನು ಅವನು ಕೊಂದದ್ದು ಕಾರ್ಬೆಟ್‌ನ ರಿಗ್ಬಿಯಲ್ಲಿದ್ದ ಅದೇ ಸಣ್ಣ 7 ಮಿ.ಮೀ. ತೋಟಾದಿಂದ. ಆನೆಯ ತಲೆಬುರುಡೆಯೊಳಗೆ ಮೆದುಳು ಎಲ್ಲಿರುತ್ತದೆ ಎಂಬುದನ್ನು ಅವನು ಚೆನ್ನಾಗಿ ತಿಳಿದಿದ್ದ.

ಹೀಗಿರುವಾಗ ಜಿಂಕೆಗೆ 1,000 ಫುಟ್-ಪೌಂಡ್, ಎಲ್ಕ್‌ಗೆ 1,500 ಫುಟ್-ಪೌಂಡ್ ಶಕ್ತಿ ಬೇಕೇ ಬೇಕು ಎಂಬ ಮಾತಿಗೆ ಶರೀರಶಾಸ್ತ್ರದ ಆಧಾರವಿಲ್ಲ. ಅದು ಒರಟು ಅಂದಾಜು. ಕೊಲರಾಡೊದ ನಿಯಮದಲ್ಲೂ 100 ಗಜದಲ್ಲಿ 1,000 ಫುಟ್-ಪೌಂಡ್ ಇರಬೇಕೆಂದಿದೆ. ತೀರಾ ಸಣ್ಣ ತೋಟಾಗಳನ್ನು ದೂರವಿಡಲು ಒಂದು ಗೆರೆ ಬೇಕಲ್ಲ, ಅದಕ್ಕಾಗಿ.

"ಮ್ಯಾಗ್ನಮ್ ಗುಂಡು ಗೆರೆ ಎಳೆದಂತೆ ನೇರ ಹಾರುತ್ತದೆ"

ಹೆಚ್ಚು ಮದ್ದು ತುಂಬಿದ ಮ್ಯಾಗ್ನಮ್ ತೋಟಾದ್ದೇ ಆಗಲಿ, ಯಾವ ಗುಂಡೂ ನೇರ ಹಾರುವುದಿಲ್ಲ. ನಳಿಗೆ ಬಿಟ್ಟ ಕ್ಷಣದಿಂದಲೇ ನಳಿಗೆಯ ನೇರಕ್ಕಿಂತ ಕೆಳಗೆ ಬೀಳತೊಡಗುತ್ತದೆ. ದುರ್ಬೀನಿನ ದೃಷ್ಟಿರೇಖೆ ನಳಿಗೆಗಿಂತ ಮೇಲಿರುವುದರಿಂದ ನಳಿಗೆಯನ್ನು ತುಸು ಮೇಲ್ಮುಖವಾಗಿ ಕೂರಿಸಿರುತ್ತಾರೆ. ಹಾಗಾಗಿಯೇ ಗುಂಡು ತಾನಾಗಿಯೇ ಮೊದಲು ಏರಿ ಆಮೇಲೆ ಇಳಿಯುತ್ತದೆ ಎಂಬ ಭ್ರಮೆ ಹುಟ್ಟಿದ್ದು.

1963ರಲ್ಲಿ ಬಂದ .300 ವಿಂಚೆಸ್ಟರ್ ಮ್ಯಾಗ್ನಮ್, 2007ರಲ್ಲಿ ಹಾರ್ನಡಿ ಕಂಪನಿ ತಂದ 6.5 ಕ್ರೀಡ್‌ಮೂರ್, ಇವೆರಡನ್ನೂ 200 ಗಜಕ್ಕೆ ಸರಿಹೊಂದಿಸಿ 500 ಗಜಕ್ಕೆ ಹೊಡೆದರೆ ಎರಡೂ ಗುರಿಗಿಂತ ಸುಮಾರು ಒಂದು ಮೀಟರ್ ಕೆಳಗೆ ತಾಗುತ್ತವೆ. ಅವುಗಳ ನಡುವಿನ ವ್ಯತ್ಯಾಸ 10 ಸೆಂ.ಮೀ. ಆಸುಪಾಸು. ಮ್ಯಾಗ್ನಮ್ ಮಾತ್ರ ಹೆಗಲಿಗೆ ಸುಮಾರು ಎರಡು ಪಟ್ಟು ಶಕ್ತಿಯಿಂದ ಒದೆಯುತ್ತದೆ. ಒದೆತಕ್ಕೆ ಹೆದರಿದ ಕೈ ಟ್ರಿಗರ್ ಎಳೆಯುವ ಮೊದಲೇ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ. ಆ ಬಿಗಿತದಿಂದ ತಪ್ಪುವ ಗುರಿಯ ಮುಂದೆ 10 ಸೆಂ.ಮೀ. ಏನೂ ಅಲ್ಲ. ಬೀಳುವ ಅಳತೆ ಹೇಗೂ ಮೊದಲೇ ಗೊತ್ತಿರುವಂಥದ್ದು. ಲೇಸರ್‌ನಿಂದ ದೂರ ಅಳೆದು ದುರ್ಬೀನಿನ ತಿರುಪು ತಿರುಗಿಸಿದರೆ ಸರಿಹೋಗುತ್ತದೆ. ಸರಿಹೋಗದ್ದು ಗಾಳಿ.

"ವೇಗ ಹೆಚ್ಚಿದ್ದರೆ ಗಾಳಿ ತಾಗುವುದಿಲ್ಲ"

ಬೇಟೆಗಾರರಲ್ಲಿ ಅನುಭವಿಗಳೂ ಎಡವುವುದು ಇಲ್ಲಿ. ಬೇಗ ಮುಟ್ಟುವ ಗುಂಡಿನ ಮೇಲೆ ಗಾಳಿಗೆ ಕೆಲಸ ಮಾಡಲು ಸಮಯವಿರುವುದಿಲ್ಲ ಎಂಬುದು ತರ್ಕ. ಕೇಳಲು ಸರಿಯೆನಿಸುತ್ತದೆ, ಆದರೆ ಸತ್ಯ ಹಾಗಿಲ್ಲ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಒಟ್ಟು ಹಾರಾಟದ ಸಮಯವನ್ನು ಅವಲಂಬಿಸಿಲ್ಲ. ಗಾಳಿಯ ಪ್ರತಿರೋಧವೇ ಇಲ್ಲದಿದ್ದರೆ ಎಷ್ಟು ಹೊತ್ತಿಗೆ ಮುಟ್ಟುತ್ತಿತ್ತೋ ಅದಕ್ಕಿಂತ ಎಷ್ಟು ತಡವಾಗಿ ಮುಟ್ಟಿತು ಎಂಬ ವ್ಯತ್ಯಾಸವನ್ನು ಅವಲಂಬಿಸಿದೆ. ಇದಕ್ಕೆ ಚೆಂದದ ಸಾಕ್ಷಿ ಪುಟ್ಟ .22 ತೋಟಾ. ಶಬ್ದಕ್ಕಿಂತ ವೇಗವಾಗಿ ಹೊರಡುವ .22 ಗುಂಡು, ಶಬ್ದಕ್ಕಿಂತ ನಿಧಾನವಾದ ಅದೇ ತೂಕದ ಗುಂಡಿಗಿಂತ ಗಾಳಿಯಲ್ಲಿ ಹೆಚ್ಚು ಸರಿಯುತ್ತದೆ. ಮೊದಲು ಮುಟ್ಟಿದರೂ ದಾರಿಯಲ್ಲಿ ಹೆಚ್ಚು ವೇಗ ಕಳೆದುಕೊಳ್ಳುವುದೇ ಅದಕ್ಕೆ ಕಾರಣ.

ಆದ್ದರಿಂದ ಗುಂಡಿನ ಆಕಾರಕ್ಕೆ ಇಷ್ಟು ಬೆಲೆ. ಉದ್ದವಾದ, ತೆಳುವಾದ, ಮೊನಚಾದ ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಈ ಗುಣವನ್ನು ಬ್ಯಾಲಿಸ್ಟಿಕ್ ಗುಣಾಂಕ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಗಂಟೆಗೆ 16 ಕಿ.ಮೀ. ಅಡ್ಡಗಾಳಿಯಲ್ಲಿ 500 ಗಜ ದೂರಕ್ಕೆ ಕ್ರೀಡ್‌ಮೂರ್‌ನ 143 ಗ್ರೇನ್ ಗುಂಡು ಸುಮಾರು 40 ಸೆಂ.ಮೀ. ಸರಿದರೆ, .308 ವಿಂಚೆಸ್ಟರ್‌ನ 168 ಗ್ರೇನ್ ಗುಂಡು ಸುಮಾರು 55 ಸೆಂ.ಮೀ. ಸರಿಯುತ್ತದೆ. ಅವಕ್ಕಿಂತ ಎಷ್ಟೋ ವೇಗವಾದ ಮ್ಯಾಗ್ನಮ್, ಹಳೆಯ ಮಾದರಿಯ 180 ಗ್ರೇನ್ ಗುಂಡು ಹಾಕಿದರೆ, ಇವೆರಡರ ನಡುವೆ ಬೀಳುತ್ತದೆ. ಆ್ಯಂಡರ್ಸನ್‌ರ .405ರ ಮೊಂಡು ಮೂತಿಯ ಗುಂಡಂತೂ 300 ಮೀಟರ್ ಹೋಗುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ವೇಗ ಕಳೆದುಕೊಳ್ಳುತ್ತದೆ. ಪೊದೆಯೊಳಗಿನ ಹುಲಿಗೆ ಅದು ಸರಿಯಾದ ಆಯುಧ, ಕಣಿವೆಯಾಚೆಯ ಎಲ್ಕ್‌ಗೆ ಅಲ್ಲ.

ಈ ಅಂಕಿಗಳೆಲ್ಲ ಗಾಳಿಯ ವೇಗ ಖಚಿತವಾಗಿ ಗೊತ್ತಿದ್ದಾಗ. ಬೆಟ್ಟದಲ್ಲಿ ಅದು ಯಾರಿಗೆ ಗೊತ್ತು? ನಿಂತ ಜಾಗದಲ್ಲಿ ಒಂದು ಗಾಳಿ, ನಡುವಿನ ಕಣಿವೆಯಲ್ಲಿ ಇನ್ನೊಂದು, ಎದುರಿನ ಇಳಿಜಾರಿನಲ್ಲಿ ಮತ್ತೊಂದು. ಅಂದಾಜು ಅರ್ಧದಷ್ಟು ತಪ್ಪಿದರೂ ಅತ್ಯುತ್ತಮ ತೋಟಾದ ಗುಂಡೂ ಒಂದು ಗೇಣು ಪಕ್ಕಕ್ಕೆ ಹೋಗುತ್ತದೆ. ಶ್ವಾಸಕೋಶಕ್ಕೆ ತಾಗಬೇಕಿದ್ದದ್ದು ಹೊಟ್ಟೆಗೆ ತಾಗುತ್ತದೆ, ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ.

"ತೋಟಾ ಸರಿಯಿದ್ದರೆ ಗುಂಡು ಯಾವುದಾದರೂ ನಡೆಯುತ್ತದೆ"

1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಹಿಡಿದು ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗಿದ್ದರು. ಕೆಸರು ಒಣಗಿ ಹೆಪ್ಪುಗಟ್ಟಿದ್ದ ಮೂಸ್‌ನ ಮೈಗೆ ತಾಗಿದ ಗುಂಡುಗಳು ಒಳಗೆ ಇಳಿಯದೆ ಮೇಲೇ ಒಡೆದುಹೋದವು. ತೋಟಾದ ಶಕ್ತಿಗೆ ಕೊರತೆಯಿರಲಿಲ್ಲ. ಅಷ್ಟು ವೇಗವನ್ನು ಗುಂಡಿನ ಕಟ್ಟೋಣ ತಾಳಲಿಲ್ಲ. ನೋಸ್ಲರ್ ಊರಿಗೆ ಮರಳಿ, ನಡುವೆ ತಾಮ್ರದ ಅಡ್ಡಗೋಡೆಯಿರುವ ಪಾರ್ಟಿಶನ್ ಗುಂಡನ್ನು ರೂಪಿಸಿದರು. ಮುಂದಿನ ಭಾಗ ಅರಳಿದರೂ ಹಿಂದಿನ ಭಾಗ ಇಡಿಯಾಗಿ ಒಳಗೆ ಹೋಗುತ್ತದೆ. 1948ರಿಂದ ಮಾರಾಟವಾಗುತ್ತಿರುವ ಈ ಗುಂಡು ಇಂದಿಗೂ ಬಳಕೆಯಲ್ಲಿದೆ.

ದೂರದಲ್ಲಿ ತೊಂದರೆ ತಿರುವುಮುರುವು. ಬಹಳಷ್ಟು ಬೇಟೆ ಗುಂಡುಗಳು ಒಳಗೆ ಅರಳಲು ಸೆಕೆಂಡಿಗೆ 550 ಮೀಟರ್ ಆಸುಪಾಸಿನ ವೇಗ ಬೇಕು. ಕ್ರೀಡ್‌ಮೂರ್ 550 ಮೀಟರ್ ದೂರದಲ್ಲಿ ಆ ಅಂಚಿಗೆ ಬಂದಿರುತ್ತದೆ. ಅದರಾಚೆಗೆ ಗುಂಡು ಅರಳದೆ ಸೂಜಿ ಚುಚ್ಚಿದಂತೆ ಹಾದುಹೋಗಬಹುದು. ಮ್ಯಾಗ್ನಮ್‌ನ ನಿಜವಾದ ಹೆಚ್ಚುಗಾರಿಕೆ ಇರುವುದು ಇಲ್ಲಿ: ಉದ್ದನೆಯ, ಭಾರದ ಗುಂಡಿನೊಂದಿಗೆ ಅದು ಈ ವೇಗವನ್ನು ಇನ್ನಷ್ಟು ದೂರ ಉಳಿಸಿಕೊಳ್ಳುತ್ತದೆ.

"ತೋಟಾ ಮುಟ್ಟುವಷ್ಟು ದೂರ ಬೇಟೆಗಾರನೂ ಮುಟ್ಟುತ್ತಾನೆ"

ಅಭ್ಯಾಸಕ್ಕೆ ನಿಲ್ಲಿಸಿದ ಕಬ್ಬಿಣದ ಹಲಗೆ ಅಲುಗಾಡುವುದಿಲ್ಲ. ಎಲ್ಕ್ ಅಲುಗಾಡುತ್ತದೆ. 550 ಮೀಟರ್ ಕ್ರಮಿಸಲು ಗುಂಡಿಗೆ ಮುಕ್ಕಾಲು ಸೆಕೆಂಡಿಗೂ ಹೆಚ್ಚು ಬೇಕು. ಮೇಯುವ ಪ್ರಾಣಿ ಒಂದು ಹೆಜ್ಜೆ ಮುಂದಿಡಲು ಅಷ್ಟು ಸಾಕು, ಆ ಹೆಜ್ಜೆಗೆ ಯಾವ ತೋಟಾದಲ್ಲೂ ಉತ್ತರವಿಲ್ಲ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಟೆಗಾರರದೇ ಸಂಸ್ಥೆ. ಅಪಾಯವನ್ನು ಗ್ರಹಿಸುವ ಪ್ರಾಣಿಯ ಸಹಜ ಶಕ್ತಿಗೆ ಅವಕಾಶವನ್ನೇ ಕೊಡದ ದೂರದ ಹೊಡೆತವನ್ನು ಅದು ವಿರೋಧಿಸುತ್ತದೆ. ಐಡಹೊ ರಾಜ್ಯ ದೊಡ್ಡ ಪ್ರಾಣಿಗಳ ಬೇಟೆಗೆ 16 ಪೌಂಡ್‌ಗಿಂತ ಭಾರವಾದ ಕೋವಿಯನ್ನೇ ನಿಷೇಧಿಸಿದೆ.

ತೋಟಾ ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಬೇರೆಯೇ ಇದೆ. ಮೇಜಿನ ಆಸರೆ ಬಿಟ್ಟು, ಬೆಟ್ಟ ಹತ್ತಿದ ಏದುಸಿರಿನಲ್ಲಿ, ಗಾಳಿಯಿರುವ ದಿನ, ನೆಲದ ಮೇಲೆ ಕೂತು ಹೊಡೆಯಬೇಕು. ಒಂದು ಊಟದ ತಟ್ಟೆಯಷ್ಟು ಅಗಲದೊಳಗೆ ಪ್ರತಿ ಸಲ ಮೊದಲ ಗುಂಡೇ ಬೀಳುವ ದೂರ ಯಾವುದೋ ಅಲ್ಲಿಗೇ ಬೇಟೆಗಾರ ನಿಲ್ಲಬೇಕು. ಬಹಳ ಜನರಿಗೆ ಆ ದೂರ 300 ಮೀಟರ್ ದಾಟುವುದಿಲ್ಲ, ಮತ್ತು ಅಷ್ಟರೊಳಗೆ .308, .30-06, 1925ರ .270 ವಿಂಚೆಸ್ಟರ್, ಕ್ರೀಡ್‌ಮೂರ್, ಎಲ್ಲವೂ ಒಳ್ಳೆಯ ಗುಂಡಿನೊಂದಿಗೆ ಒಂದೇ ಕೆಲಸ ಮಾಡುತ್ತವೆ.