ಹಿನ್ನೀರಿನ ಹೆಬ್ಬಾತು ಮತ್ತು ಜಕ್ಕವಕ್ಕಿ

ಚಳಿಗಾಲದಲ್ಲಿ ಬಾಗಲಕೋಟೆ ಜಿಲ್ಲೆಯ ಹಿನ್ನೀರಿಗೆ ಬರುವ ವಲಸೆ ಬಾತುಗಳಲ್ಲಿ ಗಾತ್ರದಿಂದಲೇ ಕಣ್ಣಿಗೆ ಬೀಳುವಂಥವು ಎರಡು: ಪಟ್ಟೆತಲೆ ಹೆಬ್ಬಾತು ಮತ್ತು ಬ್ರಾಹ್ಮಿಣಿ ಬಾತು. ಹಳೆಯ ಕಾವ್ಯಗಳ ಚಕ್ರವಾಕ ಅಥವಾ ಜಕ್ಕವಕ್ಕಿ ಈ ಎರಡನೆಯದೇ. ಟಿಬೆಟ್ ಹಾಗೂ ಮಧ್ಯ ಏಷ್ಯಾದ ಎತ್ತರದ ನಾಡುಗಳಲ್ಲಿ ಮರಿ ಮಾಡುವ ಇವು ನವೆಂಬರ್ ಹೊತ್ತಿಗೆ ದಕ್ಷಿಣಕ್ಕೆ ಇಳಿದು, ಮಾರ್ಚ್‌ವರೆಗೆ ಇಲ್ಲಿರುತ್ತವೆ.

ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಜಲಾಶಯವು ಮಳೆಗಾಲದಲ್ಲಿ ತುಂಬಿ, ಮುಂದೆ ಕಾಲುವೆಗಳಿಗೆ ನೀರು ಹರಿದಂತೆ ಇಳಿಯುತ್ತ ಹೋಗುತ್ತದೆ. ನೀರು ಸರಿದ ಕಡೆ ಎರೆಮಣ್ಣಿನ ರಾಡಿ ತೆರೆದುಕೊಂಡು, ಅದರಂಚಿಗೆ ಎಳೆ ಹುಲ್ಲು ಚಿಗುರುತ್ತದೆ. ಹೆರಕಲ್ಲಿನ ಬಳಿ, ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಸುತ್ತ ಇಂಥ ಬಯಲುಗಳಿವೆ. ಮಲಪ್ರಭೆ ಬಾದಾಮಿ ಸೀಮೆಯನ್ನು ಹಾದು ಬಂದು ಕೃಷ್ಣೆಗೆ ಕೂಡುವ ಹುನಗುಂದ ಭಾಗದ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ನಿಲ್ಲುತ್ತದೆ. ಬಾತುಗಳಿಗೆ ಬೇಕಾದ ತೆರೆದ ನೀರು, ಸುತ್ತಲೂ ಕಣ್ಣು ಹಾಯುವ ದಡ ಎರಡೂ ಇಂಥಲ್ಲಿ ಒಟ್ಟಿಗೇ ಸಿಗುತ್ತವೆ.

ಹತ್ತಿರದಿಂದ ನೋಡಿದರೆ ಗೊಂದಲಕ್ಕೆ ಎಡೆಯಿಲ್ಲ. ಹೆಬ್ಬಾತಿನ ಮೈ ತೆಳು ಬೂದಿ ಬಣ್ಣದ್ದು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಒಂದು ಕಣ್ಣಿನಿಂದ ಕಣ್ಣಿಗೆ ನೆತ್ತಿಯ ಹಿಂದಿನಿಂದ ಬಳಸಿದರೆ, ಇನ್ನೊಂದು ಅದರ ಕೆಳಗೆ ಮೋಟಾಗಿದೆ. ಕುತ್ತಿಗೆಯ ಇಕ್ಕೆಲದಲ್ಲಿ ಬಿಳಿ ಗೆರೆ ಇಳಿದಿದೆ. ಕೊಕ್ಕು, ಕಾಲು ಕಿತ್ತಳೆ ಬೆರೆತ ಹಳದಿ; ಕೊಕ್ಕಿನ ತುದಿ ಕಪ್ಪು. ಜಕ್ಕವಕ್ಕಿಯ ಮೈಯೆಲ್ಲ ಕಾವಿ ಬಣ್ಣ, ತಲೆ ಮಾತ್ರ ಮಾಸಲು. ಕೊಕ್ಕು, ಕಾಲು, ಬಾಲ ಕಪ್ಪು. ಹೆಬ್ಬಾತು 70 ಸೆಂ.ಮೀ. ಮೀರಿ ಬೆಳೆದು 2ರಿಂದ 3 ಕೆ.ಜಿ. ತೂಗಿದರೆ, ಜಕ್ಕವಕ್ಕಿ ಅದಕ್ಕಿಂತ ಚಿಕ್ಕದು, ಕುತ್ತಿಗೆಯೂ ಗಿಡ್ಡ.

ಕಷ್ಟ ಎದುರಾಗುವುದು ದೂರದಿಂದ, ಬಿಸಿಲು ನೀರಿನ ಮೇಲೆ ಕುಕ್ಕುವಾಗ. ಆಗ ಕಾವಿಯೂ ಬೂದಿಯೂ ಒಂದೇ ಕಂದಾಗಿ ತೋರುತ್ತವೆ. ಕೂಗೂ ನೆರವಿಗೆ ಬಾರದು, ಎರಡರದ್ದೂ ‘ಆಂಗ್, ಆಂಗ್’ ಎಂದೇ ಕೇಳಿಸುತ್ತದೆ. ಅವು ಹಾರುವವರೆಗೆ ಕಾಯುವುದು ಲೇಸು. ಜಕ್ಕವಕ್ಕಿ ರೆಕ್ಕೆ ಬಿಚ್ಚಿದೊಡನೆ ಮುಂಭಾಗದ ಅಚ್ಚ ಬಿಳಿ, ಹಿಂಭಾಗದ ಗಾಢ ಕಪ್ಪು ಎದ್ದು ಕಾಣುತ್ತವೆ. ಅರ್ಧ ಮೈಲಿ ಆಚೆಯಿಂದಲೂ ಇದು ತಪ್ಪದು. ಹೆಬ್ಬಾತಿನ ರೆಕ್ಕೆ ತೆಳು ಬೂದಿ, ಅಂಚು ಮಾತ್ರ ಕಪ್ಪು. ದೂರದ ಹಾರಾಟದಲ್ಲಿ ಅವು ಸಾಲುಗಟ್ಟಿ, ಬಾಣದ ಮೊನೆಯಂತೆ ಸಾಗುತ್ತವೆ.

ನಡವಳಿಕೆಯೂ ಬೇರೆ. ಹೆಬ್ಬಾತು ಹಿಂಡಿನ ಹಕ್ಕಿ. ಹಗಲು ನೀರಿನಲ್ಲೋ ದಡದಲ್ಲೋ ವಿಶ್ರಮಿಸಿ, ಸಂಜೆಯಿಂದ ಹೊಲಗಳಿಗೆ ಹೋಗಿ ಹುಲ್ಲು, ಕಾಳು, ಎಳೆ ಪೈರು ಮೇಯುತ್ತದೆ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ, 2024ರಲ್ಲಿ ರಾಮ್‌ಸರ್ ತಾಣವೆಂದು ಘೋಷಿತವಾದದ್ದು, ಈ ಹಿಂಡುಗಳಿಗೇ ಹೆಸರಾಗಿದೆ. ಜಕ್ಕವಕ್ಕಿ ಹೆಚ್ಚಾಗಿ ಜೋಡಿಯಾಗಿ ಇಲ್ಲವೇ ಸಣ್ಣ ಗುಂಪಾಗಿ ಮರಳು ದಿಬ್ಬಗಳ ಮೇಲೆ ಇರುತ್ತದೆ. ಚಿಗುರು, ಕಾಳಿನ ಜೊತೆಗೆ ಹುಳು, ಬಸವನಹುಳುಗಳನ್ನೂ ತಿನ್ನುತ್ತದೆ. ರಾತ್ರಿಯಾದರೆ ಈ ಜೋಡಿ ಅಗಲುತ್ತದೆ ಎಂಬುದು ಕವಿಸಮಯ.

ಹೆಬ್ಬಾತಿನಲ್ಲಿ ಗಂಡು ಹೆಣ್ಣು ನೋಡಲು ಒಂದೇ. ಜಕ್ಕವಕ್ಕಿಯಲ್ಲಿ ಹೆಣ್ಣಿನ ಮುಖ ಹೆಚ್ಚು ಬಿಳಿ. ಮರಿ ಮಾಡುವ ಕಾಲ ಸಮೀಪಿಸಿದಾಗ ಗಂಡಿನ ಕೊರಳಲ್ಲಿ ಸಪೂರ ಕಪ್ಪು ಉಂಗುರ ಮೂಡುತ್ತದೆ. ಹೆಬ್ಬಾತಿನ ಎಳೆಯ ಹಕ್ಕಿಗೆ ಮೊದಲ ಚಳಿಗಾಲದಲ್ಲಿ ತಲೆಯ ಪಟ್ಟೆಗಳೇ ಇರುವುದಿಲ್ಲ, ನೆತ್ತಿ ಮಬ್ಬು ಕಂದು. ಹಿಂಡಿನಲ್ಲಿ ಪಟ್ಟೆಯಿಲ್ಲದ ತಲೆ ಕಂಡರೆ ಬೇರೆ ಜಾತಿಯೆಂದು ಭಾವಿಸದೆ ಕಾಲಿನ ಹಳದಿಯನ್ನು ಗಮನಿಸಬೇಕು.

ಎತ್ತರದ ಹಾರಾಟದಲ್ಲಿ ಕೀರ್ತಿ ಹೆಬ್ಬಾತಿಗೆ ಸಂದಿದೆ. ಅದರ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲದು. ಬೆನ್ನಿಗೆ ಉಪಕರಣ ಕಟ್ಟಿ ಹಿಂಬಾಲಿಸಿದಾಗ 7,200 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಜಕ್ಕವಕ್ಕಿಯೂ ಸುಮಾರು 6,800 ಮೀಟರ್ ಏರಿದ ದಾಖಲೆಯಿದೆ, ಆದರೆ ಅದರ ಸಾಹಸ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಮರಳಿದ ಮೇಲೆ ಇವುಗಳ ಸಂಸಾರವೂ ಬೇರೆ ಬೇರೆ: ಹೆಬ್ಬಾತು ಸರೋವರಗಳ ನಡುಗಡ್ಡೆ, ಜೌಗುಗಳಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಗೂಡು ಕಟ್ಟಿದರೆ, ಜಕ್ಕವಕ್ಕಿ ಬಂಡೆಯ ಪೊಟರೆ, ಬಿಲಗಳಲ್ಲಿ ಮೊಟ್ಟೆಯಿಡುತ್ತದೆ.