ಬ್ಲೇಡು ಗಾಲಿ ಮೇಲೆ ನಿಲ್ಲುತ್ತಿಲ್ಲವೇ? ಮೊದಲು ನೆಲ ನೋಡ್ರಿ, ನಾಬ್ ಕೊನೆಗೆ

ಎಳೆದೊಯ್ಯುವ ಬ್ಯಾಂಡ್‌ಸಾ ಮಿಲ್ ಇಟ್ಟುಕೊಂಡವರಿಂದ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: ‘ಅಣ್ಣಾ, ಬ್ಲೇಡ್ ನಿಲ್ಲವಲ್ದು. ನಾಬ್ ತಿರುಗಿಸಿ ತಿರುಗಿಸಿ ಸಾಕಾತು.’ ನಾನು ಕೇಳುವ ಮೊದಲ ಪ್ರಶ್ನೆಯೂ ಒಂದೇ: ‘ನಾಬ್ ಮುಟ್ಟೋ ಮೊದಲ ಏನೇನ್ ನೋಡಿದಿ?’ ಬಹಳ ಸಲ ಆ ಕಡೆಯಿಂದ ಉತ್ತರ ಬರುವುದಿಲ್ಲ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಬದುವಿನ ಮೇಲಿನ ಸಾಗವಾನಿ, ಬೇವು, ಜಾಲಿ, ಹುಣಸೆ ಮರಗಳೇ ಮನೆಯ ಚೌಕಟ್ಟಿಗೂ ಚಕ್ಕಡಿಗೂ ಆಧಾರ. ಅಜ್ಜ ನೆಟ್ಟ ಮರವನ್ನು ಮೊಮ್ಮಗ ಕೊಯ್ಯಿಸುತ್ತಾನೆ. ಅಂಥ ದಿಮ್ಮಿ ಕೆಟ್ಟರೆ ಅಂಗಡಿಯಿಂದ ಇನ್ನೊಂದು ತರಬಹುದು, ಆದರೆ ಆ ಮರ ಮತ್ತೆ ಸಿಗುವುದಿಲ್ಲ. ಲೆಕ್ಕ ಹಾಕಿ ನೋಡ್ರಿ: 25 ಮಿ.ಮೀ. ಹಲಗೆಯ ಎರಡೂ ಮೈಮೇಲೆ 3 ಮಿ.ಮೀ. ಅಲೆ ಇದ್ದರೆ, ರಂದಾ ಹೊಡೆದ ಮೇಲೆ ಉಳಿಯುವುದು 19 ಮಿ.ಮೀ. ಕಾಲು ಭಾಗ ಹೊಟ್ಟಾಗಿ ಹೋಯಿತು. ಬ್ಯಾಂಡ್‌ಸಾ ಕೊಯ್ತಕ್ಕೆ ಸುಮಾರು 2 ಮಿ.ಮೀ. ಮರ ಮಾತ್ರ ಹೋಗುತ್ತದೆ, ದುಂಡು ಗರಗಸದ ಅರ್ಧದಷ್ಟೂ ಇಲ್ಲ. ಆ ಉಳಿತಾಯಕ್ಕಾಗಿಯೇ ಈ ಯಂತ್ರ ಕೊಳ್ಳುತ್ತೇವೆ. ಬ್ಲೇಡು ಸರಿ ಓಡದಿದ್ದರೆ ಆ ಲಾಭವೆಲ್ಲ ರಂದಾದ ಬಾಯಿಗೆ.

ಮೊದಲು ಹಲಗೆ ಓದ್ರಿ

ಯಂತ್ರ ಬಿಚ್ಚುವ ಮೊದಲು ಕೆಟ್ಟ ಹಲಗೆಯನ್ನು ಕೈಯಲ್ಲಿ ಹಿಡಿದು ನೋಡ್ರಿ. ದೋಷ ಎಲ್ಲಿದೆ ಅಂತ ಅದೇ ಹೇಳುತ್ತದೆ.

ಗೇಣು-ಎರಡು ಗೇಣಿಗೊಮ್ಮೆ ಏರಿಳಿಯುವ ಗಿಡ್ಡ ಅಲೆ ಇದ್ದರೆ ಬ್ಲೇಡು ಅಲೆಯುತ್ತಿದೆ: ಟೆನ್ಷನ್ ಕಡಿಮೆ, ಹಲ್ಲು ಮೊಂಡು, ಇಲ್ಲವೇ ನೀವು ತಳ್ಳುವ ವೇಗ ಹೆಚ್ಚು. ಗಂಟು ಬಂದಲ್ಲಿ ಮಾತ್ರ ಬ್ಲೇಡು ಏರಿ ಮತ್ತೆ ಇಳಿದರೆ ಮೊದಲ ಸಂಶಯ ಮೊಂಡು ಹಲ್ಲಿನ ಮೇಲೆ. ಇಡೀ ಹಲಗೆ ಒಂದು ಅಂಚಿಗೆ ದಪ್ಪ, ಇನ್ನೊಂದು ಅಂಚಿಗೆ ತೆಳುವಾಗಿದ್ದರೆ ಬ್ಲೇಡು ಮತ್ತು ಹಾಸು ಸಮಾಂತರ ಇಲ್ಲ. ದಿಮ್ಮಿ ಮಗುಚಿದ ಮೇಲೆ ಬರುವ ಹಲಗೆ ನಡುವೆ ಒಂದು ದಪ್ಪ, ತುದಿಗೆ ಒಂದು ದಪ್ಪ ಬಂದರೆ, ಅಂದರೆ ಉದ್ದನೆಯ ನಿಧಾನದ ಡೊಂಕಿದ್ದರೆ, ಬ್ಲೇಡಿನ ತಪ್ಪಲ್ಲ, ನೆಲದ್ದು.

ಒಂದು ಎಚ್ಚರಿಕೆ. ನೀಲಗಿರಿಯಂಥ ಮರ ಕೊಯ್ದ ಕೂಡಲೇ ಬಿಲ್ಲಿನ ಹಾಗೆ ಬಾಗುತ್ತದೆ. ಅದು ಮರದೊಳಗಿನ ಬಿಗುವು, ಯಂತ್ರದ ದೋಷವಲ್ಲ. ಹಾಗಾಗಿ ಬಾಗು ನೋಡಿ ನಿರ್ಧಾರಕ್ಕೆ ಬರಬೇಡ್ರಿ, ದಪ್ಪ ಅಳೆಯಿರಿ. ಐದು ಕಡೆ ಅಳೆದು ಎಲ್ಲ ಒಂದೇ ಬಂದರೆ ಯಂತ್ರ ಸರಿ ಇದೆ.

ಬ್ಲೇಡು ಗಾಲಿ ಮೇಲೆ ಯಾಕೆ ನಿಲ್ಲುತ್ತದೆ?

ಊರ ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ರಿ. ಚಪ್ಪಟೆ ಪಟ್ಟಾ ಓಡುವ ಪುಲ್ಲಿಯನ್ನು ಕೈಯಾಡಿಸಿ ನೋಡಿದರೆ ನಡುವೆ ಸಣ್ಣ ಉಬ್ಬು ಇರುತ್ತದೆ. ಓಡುವ ಪಟ್ಟಾ ಯಾವಾಗಲೂ ಉಬ್ಬಿನ ಕಡೆ ಹತ್ತಿ ಅಲ್ಲೇ ನಿಲ್ಲುತ್ತದೆ. ಬ್ಯಾಂಡ್‌ಸಾ ಬ್ಲೇಡೂ ಒಂದು ಪಟ್ಟಾನೇ, ಹಲ್ಲಿರುವ ಉಕ್ಕಿನ ಪಟ್ಟಾ. ಎಷ್ಟೋ ಪೋರ್ಟಬಲ್ ಮಿಲ್‌ಗಳಲ್ಲಿ ಗಾಲಿಯ ಗಾಡಿಯೊಳಗೆ ಕೂರಿಸಿದ ರಬ್ಬರ್ ವಿ-ಬೆಲ್ಟೇ ಆ ಉಬ್ಬು. ಬೆಲ್ಟು ಸವೆದು ಚಪ್ಪಟೆಯಾದರೆ ಬ್ಲೇಡಿಗೆ ಹಿಡಿಯಲು ಏನೂ ಇಲ್ಲ. ಆಮೇಲೆ ನಾಬ್ ಎಷ್ಟು ತಿರುಗಿಸಿದರೂ ಅಷ್ಟೇ.

ಟ್ರ್ಯಾಕಿಂಗ್ ನಾಬ್ ಮಾಡುವುದು ಒಂದೇ ಕೆಲಸ: ಗಾಲಿಯನ್ನು ತುಸು ವಾಲಿಸುವುದು. ಬೇರೆ ಕಡೆ ಇರುವ ದೋಷವನ್ನು ನಾಬ್‌ನಿಂದ ಸರಿ ಮಾಡಲು ಹೋದರೆ ಒಂದು ದೋಷದ ಮೇಲೆ ಇನ್ನೊಂದು ಕಟ್ಟಿದ ಹಾಗೆ. ಅದಕ್ಕೇ ನಾನು ಕೆಳಗಿನಿಂದ ಮೇಲಕ್ಕೆ ಹೋಗುತ್ತೇನೆ: ನೆಲ, ಬ್ಲೇಡು, ಗಾಲಿ, ಟೆನ್ಷನ್, ಆಮೇಲೆ ನಾಬ್, ಕೊನೆಗೆ ಗೈಡು. ಒಂದು ಸಲಕ್ಕೆ ಒಂದೇ ಬದಲಾವಣೆ.

ಶುರು ಮಾಡುವ ಮೊದಲು ಎಂಜಿನ್ ಇದ್ದರೆ ಸ್ಪಾರ್ಕ್ ಪ್ಲಗ್ ವೈರ್ ತೆಗೀರಿ, ಮೋಟಾರ್ ಇದ್ದರೆ ಮೇನ್ ಸ್ವಿಚ್ ಇಳಿಸ್ರಿ. ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ನಟ್ ಸಡಿಲಿಸುವ ಮೊದಲು ಅದರ ಜಾಗದ ಫೋಟೋ ತೆಗೆದುಕೊಳ್ರಿ. ಫೋನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ.

1. ನೆಲ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಸೀಮೆಯ ಸಾಮಿಲ್ ವಿಷಯದಲ್ಲಿ ಮಾತ್ರ ನೆಲ ನಿಜಕ್ಕೂ ಡೊಂಕಿರುತ್ತದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿದು ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಮಟ್ಟ ಹಿಡಿದು ಇಟ್ಟ ಹಳಿ ಜುಲೈನಲ್ಲಿ ಮಟ್ಟದಲ್ಲಿ ಇರುವುದಿಲ್ಲ. ಕಾಲುಗಳ ಕೆಳಗೆ ಗರಸು ಹಾಕಿ ಧಮ್ಮಸು ಮಾಡಿ, ಅಗಲವಾದ ಚಪ್ಪಡಿ ಕಲ್ಲು ಇಡ್ರಿ. ಹಳಿಯ ಈ ತುದಿಯಿಂದ ಆ ತುದಿಗೆ ದಾರ ಬಿಗಿದು, ಪ್ರತಿ ಅಡ್ಡಪಟ್ಟಿಯ ಹತ್ತಿರ ದಾರಕ್ಕೂ ಕಬ್ಬಿಣಕ್ಕೂ ಎಷ್ಟು ಅಂತರ ಅಂತ ಅಳೆಯಿರಿ. ಫೋನಿನ ಮಟ್ಟದ ಆ್ಯಪ್ ಇದಕ್ಕೆ ಸಾಲದು. ದಾರ ಮತ್ತು ಒಳ್ಳೆಯ ರಸಮಟ್ಟವೇ ಬೇಕು. ದೊಡ್ಡ ಮಳೆ ಬಂದು ಹೋದಾಗಲೆಲ್ಲ ಮತ್ತೆ ನೋಡ್ರಿ.

2. ಬ್ಲೇಡು

ಹೊಸ ಬ್ಲೇಡು ಹಾಕಿ ನೋಡಿದರೆ ಅರ್ಧ ಸಂಶಯ ಹೋಗುತ್ತದೆ. ಹಳೆಯದನ್ನೇ ಪರೀಕ್ಷಿಸುವುದಾದರೆ ಬೆಸುಗೆಯ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕ್ರಿ. ಬ್ಲೇಡಿನ ಬೆನ್ನಿಗೆ ತಾಗಿಯೂ ತಾಗದಂತೆ ಒಂದು ತಂತಿ ನಿಲ್ಲಿಸಿ, ಗಾಲಿಯನ್ನು ಕೈಯಿಂದ ತಿರುಗಿಸ್ರಿ. ಗುರುತು ಬಂದಾಗಲೆಲ್ಲ ಬೆನ್ನು ಹಿಂದೆ ಮುಂದೆ ಜಿಗಿದರೆ ಬೆಸುಗೆ ನೆಟ್ಟಗಿಲ್ಲ.

ಜಿಗಿತ ಗುರುತಿಗಿಂತ ಹೆಚ್ಚು ಸಲ ಬಂದರೆ ದೋಷ ಗಾಲಿಯದ್ದು. 19 ಇಂಚಿನ ಗಾಲಿಯ ಸುತ್ತಳತೆ ಸುಮಾರು 60 ಇಂಚು. 144 ಇಂಚಿನ ಬ್ಲೇಡು ಒಂದು ಸುತ್ತು ಬರುವಷ್ಟರಲ್ಲಿ ಗಾಲಿ ಹತ್ತಿರ ಹತ್ತಿರ ಎರಡೂವರೆ ಸುತ್ತು ಹೊಡೆದಿರುತ್ತದೆ. ಎಣಿಸಿದರೆ ಸಾಕು, ಉತ್ತರ ಸಿಗುತ್ತದೆ.

ಹಲ್ಲುಗಳು ಎಡಕ್ಕೂ ಬಲಕ್ಕೂ ಸಮನಾಗಿ ಬಾಗಿರಬೇಕು. ಸಾಮಾನ್ಯವಾಗಿ ಬದಿಗೆ ಅರ್ಧ ಮಿ.ಮೀ. ಆಸುಪಾಸು. ಒಂದು ಬದಿ ಹೆಚ್ಚಾದರೆ ಬ್ಲೇಡು ಆ ಕಡೆಗೇ ಎಳೆಯುತ್ತದೆ. ಹೊಲದ ಮರದಲ್ಲಿ ಬೇಲಿ ತಂತಿ, ಮೊಳೆ ಹುದುಗಿರುವುದು ಸಾಮಾನ್ಯ. ಒಂದು ಮೊಳೆ ತಾಗಿದರೆ ಒಂದು ಬದಿಯ ಹಲ್ಲು ಮಾತ್ರ ಸತ್ತು, ಕೊಯ್ತ ಓರೆ ಹೋಗುತ್ತದೆ. ಅಂಥ ಬ್ಲೇಡಿಗೆ ನಾಬ್‌ನಲ್ಲಿ ಔಷಧಿ ಇಲ್ಲ.

3. ಗಾಲಿ

ಗಾಲಿಗೆ ಅಂಟಿದ ಹೊಟ್ಟು, ಗೋಂದು ಕೆರೆದು ತೆಗೀರಿ. ಒಂದು ಕಡೆ ಹೊಟ್ಟು ಗಟ್ಟಿಯಾದರೂ ಬ್ಲೇಡು ಅಲ್ಲಿ ಕುಪ್ಪಳಿಸುತ್ತದೆ. ಬೆಲ್ಟು ಗಾಲಿಯ ಅಂಚಿಗಿಂತ ಮೇಲೆ ಉಬ್ಬಿದೆಯೇ ನೋಡ್ರಿ. ಬ್ಲೇಡು ಗಾಲಿಯ ಕಬ್ಬಿಣಕ್ಕೆ ತಾಗುವಂತಿದ್ದರೆ ಬೆಲ್ಟು ಮುಗಿಯಿತು. ಬದಲಿಸುವಾಗ ಎರಡೂ ಗಾಲಿಗೆ ಒಂದೇ ಅಳತೆಯ ಹೊಸ ಬೆಲ್ಟು.

ಆಮೇಲೆ ಟೆನ್ಷನ್ ಇಳಿಸಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸ್ರಿ. ‘ಟಕ್’ ಅಂತ ಆಟ ಬಂದರೆ ಬೇರಿಂಗ್ ಹೋಗಿದೆ. ಬೇರಿಂಗ್ ಸಡಿಲ ಇದ್ದಾಗ ಖಾಲಿ ಓಡಿಸಿದರೆ ಬ್ಲೇಡು ಒಂದು ಕಡೆ ನಿಲ್ಲುತ್ತದೆ, ದಿಮ್ಮಿ ಕಚ್ಚಿದ ಕೂಡಲೇ ಇನ್ನೊಂದು ಕಡೆ ಹೋಗುತ್ತದೆ.

4. ಟೆನ್ಷನ್, ಗಾಲಿಗಳ ಸಾಲು

ಮೊದಲು ಎರಡೂ ಗೈಡ್ ರೋಲರ್‌ಗಳನ್ನು ಬ್ಲೇಡಿನಿಂದ ಪೂರ್ತಿ ದೂರ ಸರಿಸ್ರಿ. ಇದನ್ನು ಬಹಳ ಜನ ಬಿಡುತ್ತಾರೆ. ಗೈಡು ಒತ್ತಿಕೊಂಡಿದ್ದರೆ ಬ್ಲೇಡನ್ನು ನಡೆಸುತ್ತಿರುವುದು ಗಾಲಿಯೋ ಗೈಡೋ ಗೊತ್ತಾಗುವುದಿಲ್ಲ.

ಯಂತ್ರದ ಕೈಪಿಡಿ ಹೇಳಿದಷ್ಟು ಟೆನ್ಷನ್ ಕೊಟ್ಟ ಮೇಲೆಯೇ ಗಾಲಿಗಳ ಸಾಲು ನೋಡ್ರಿ. ಬಿಗಿ ಬಿದ್ದಾಗ ಚೌಕಟ್ಟು ತುಸು ಬಾಗುತ್ತದೆ. ಸಡಿಲ ಇದ್ದಾಗ ಹಿಡಿದ ಅಳತೆ ಆಗ ಸುಳ್ಳಾಗುತ್ತದೆ. ಓಡಿಸುವ ಗಾಲಿಯನ್ನು ಮೊದಲು ಹಳಿಗೆ ನೇರ ಮಾಡಿ, ಆಮೇಲೆ ಎರಡನೆಯ ಗಾಲಿಯನ್ನು ಅದಕ್ಕೆ ಹೊಂದಿಸ್ರಿ. ಎರಡೂ ಗಾಲಿಗಳ ಮುಖಕ್ಕೆ ದಾರ ಹಿಡಿದರೆ ನಾಲ್ಕು ಕಡೆ ತಾಗಬೇಕು. ಎತ್ತು ಎರಡೂ ಒಂದೇ ಸಾಲಿನಲ್ಲಿ ಎಳೆದರೆ ಮಾತ್ರ ಚಕ್ಕಡಿ ನೇರ ಹೋಗುತ್ತದಲ್ಲ, ಹಾಗೆ.

ಓಡುತ್ತಾ ಬ್ಲೇಡು ಬಿಸಿಯಾಗುತ್ತದೆ. 30 ಡಿಗ್ರಿ ಬಿಸಿ ಏರಿದರೆ 12 ಅಡಿ ಬ್ಲೇಡು ಸುಮಾರು 1.3 ಮಿ.ಮೀ. ಉದ್ದವಾಗುತ್ತದೆ. ಬರೀ ತಿರುಪಿನ ಟೆನ್ಷನ್ ಇರುವ ಯಂತ್ರದಲ್ಲಿ ಅಷ್ಟು ಬಿಗಿ ಹೋಯಿತು ಅಂತಲೇ ಅರ್ಥ. ಬೆಳಿಗ್ಗೆ ನೇರ ಕೊಯ್ದ ಮಿಲ್ಲು ಮಧ್ಯಾಹ್ನ ಅಲೆ ಕೊಡುವುದಕ್ಕೆ ಇದೂ ಒಂದು ಕಾರಣ. ಎರಡು ಮೂರು ಕೊಯ್ತಕ್ಕೊಮ್ಮೆ ಟೆನ್ಷನ್ ನೋಡ್ರಿ, ತುಸು ಸೋಪು ಹಾಕಿದ ನೀರಿನ ಹನಿ ನಿಲ್ಲದಂತೆ ನೋಡಿಕೊಳ್ರಿ. ಸಂಜೆ ಕೆಲಸ ಮುಗಿದ ಕೂಡಲೇ ಟೆನ್ಷನ್ ಇಳಿಸ್ರಿ. ತಣ್ಣಗಾಗುತ್ತ ಕುಗ್ಗುವ ಬ್ಲೇಡು ತನಗೂ ಬೇರಿಂಗಿಗೂ ಬೆಲ್ಟಿಗೂ ಪೆಟ್ಟು ಕೊಡುತ್ತದೆ.

5. ಈಗ ನಾಬ್

ಕಾಲು ಸುತ್ತು ತಿರುಗಿಸ್ರಿ, ಗಾಲಿಯನ್ನು ಕೊಯ್ಯುವ ದಿಕ್ಕಿಗೇ ಕೈಯಿಂದ ನಾಲ್ಕು ಸುತ್ತು ಓಡಿಸ್ರಿ, ಬ್ಲೇಡು ಎಲ್ಲಿ ನಿಂತಿತು ನೋಡ್ರಿ. ಉಲ್ಟಾ ತಿರುಗಿಸಿದರೆ ಬ್ಲೇಡೂ ಉಲ್ಟಾ ಸರಿಯುತ್ತದೆ, ಮೋಸ ಹೋಗಬೇಡ್ರಿ. ಸುಮಾರು 32 ಮಿ.ಮೀ. ಅಗಲದ ಬ್ಲೇಡಿನಲ್ಲಿ ಹಲ್ಲಿನ ಸಂದಿಯ ತಳ ಗಾಲಿಯ ಮುಂದಿನ ಅಂಚಿನಿಂದ 3 ಮಿ.ಮೀ. ಹೊರಗೆ ಇರುವುದು ಸಾಮಾನ್ಯ ಅಳತೆ. ನಿಮ್ಮ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ. ಹಲ್ಲು ಮಾತ್ರ ಬೆಲ್ಟಿನ ಮೇಲೆ ಕೂರಬಾರದು. ಕೂತರೆ ರಬ್ಬರ್ ಕತ್ತರಿಸುತ್ತದೆ, ಹಲ್ಲಿನ ಬಾಗೂ ಹೋಗುತ್ತದೆ. ಯಾವ ಕಡೆ ತಿರುಗಿಸಿದರೆ ಬ್ಲೇಡು ಒಳಗೆ ಹೋಗುತ್ತದೆ ಅಂತ ಗೊತ್ತಾದ ಕೂಡಲೇ ನಾಬ್ ಪಕ್ಕ ಬಣ್ಣದಿಂದ ಬಾಣ ಬರೀರಿ.

6. ಕೊನೆಗೆ ಗೈಡು

ರೋಲರ್ ಬ್ಲೇಡನ್ನು ಸುಮಾರು 6 ಮಿ.ಮೀ. ಕೆಳಗೆ ಒತ್ತಬೇಕು. ರೋಲರಿನ ಹಿಂದಿನ ಅಂಚಿಗೂ ಬ್ಲೇಡಿನ ಬೆನ್ನಿಗೂ ಒಂದೂವರೆಯಿಂದ 3 ಮಿ.ಮೀ. ಸಂದು ಇರಲಿ. ಖಾಲಿ ಓಡುವಾಗ ಬೆನ್ನು ತಾಗುತ್ತಲೇ ಇದ್ದರೆ ಬ್ಲೇಡು ಬೇಗ ಬಿರುಕು ಬಿಡುತ್ತದೆ. ಬ್ಲೇಡಿಗೆ ನೇರವಾದ ಪಟ್ಟಿಯೊಂದನ್ನು ಹಿಡಿಸಿ, ಅದರ ಮುಂದಿನ ಮತ್ತು ಹಿಂದಿನ ತುದಿಯಿಂದ ಹಾಸಿನವರೆಗೆ ಅಳೆಯಿರಿ. ಎರಡೂ ಒಂದೇ ಬರಬೇಕು. ಹಿಂದೆ ಎತ್ತರ ಬಂದರೆ ಬ್ಲೇಡು ಮೂತಿ ತಗ್ಗಿಸಿ ಕೆಳಕ್ಕೆ ನುಗ್ಗುತ್ತದೆ.

ಒಂದು ಉದಾಹರಣೆ

ಹೋದ ಮಳೆಗಾಲ ಬೈಲಹೊಂಗಲ ಕಡೆಯ ಒಂದು ಮಿಲ್ಲಿಗೆ ಹೋಗಿದ್ದೆ. ಕಿತ್ತೂರು ಹತ್ತಿರದ ಹುಡುಗನೊಬ್ಬ ಹೊಸ ಮನೆಯ ಚೌಕಟ್ಟಿಗೆ ಅಂತ ಅಜ್ಜ ನೆಟ್ಟ ಸಾಗವಾನಿಯ ನಾಲ್ಕು ದಿಮ್ಮಿ ತಂದಿದ್ದ. ಒಂದು ದಿಮ್ಮಿ ಆಗಲೇ ಅಲೆಅಲೆಯಾಗಿ ಬಿದ್ದಿತ್ತು. ಅವನು ಹೇಳಿದ: ‘ಇನ್ನ ಮೂರ ಉಳದಾವ್ರಿ. ಇವೂ ಹಂಗ ಆದ್ರ ಅಜ್ಜಗ ಏನ್ ಹೇಳ್ಲಿ?’ ಅಜ್ಜ ಮನೆಯಲ್ಲಿ ಕಾಯುತ್ತಿದ್ದರು.

ಮಿಲ್ಲಿನ ಹುಡುಗರು ಎರಡು ದಿನದಿಂದ ನಾಬ್ ತಿರುಗಿಸುತ್ತಿದ್ದರು. ಗೈಡು ಸರಿಸಿದ ಕೂಡಲೇ ಬ್ಲೇಡು ಅರ್ಧ ಇಂಚು ಹಿಂದೆ ಓಡಿತು. ಅಂದರೆ ಅಷ್ಟು ಹೊತ್ತು ಅದನ್ನು ಹಿಡಿದಿಟ್ಟಿದ್ದು ಗೈಡು. ಒಂದು ಗಾಲಿಯ ಬೆಲ್ಟು ಹೊಸದು, ಇನ್ನೊಂದರದು ಚಪ್ಪಟೆ. ದಾರ ಹಿಡಿದರೆ ಹಳಿಯ ನಡುವಿನ ಕಾಲು 5 ಮಿ.ಮೀ. ಎದ್ದಿತ್ತು, ಎರೆ ಉಬ್ಬಿ. ಎರಡೂ ಬೆಲ್ಟು ಬದಲಿಸಿ, ಕಾಲು ಇಳಿಸಿ, ನಾಬ್ ಅನ್ನು ಮೊದಲಿನ ಜಾಗಕ್ಕೆ ತಂದೆವು. ಪರೀಕ್ಷೆಗೆ ಮೊದಲು ಒಂದು ಬೇವಿನ ದಿಮ್ಮಿ ಕೊಯ್ದೆವು, ಸಾಗವಾನಿ ಅಲ್ಲ. ಐದು ಕಡೆಯ ಅಳತೆಯಲ್ಲಿ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಉಳಿದ ಮೂರೂ ದಿಮ್ಮಿ ನೆಟ್ಟಗೆ ಇಳಿದವು. ಮೊದಲನೆಯದು ಹೋದದ್ದು ಹೋಯಿತು, ಅದರ ಹಲಗೆ ಮಾಡಕ್ಕೆ ಆದವು.

ಕಾಗದದ ಕೆಲಸ ಮರೀಬೇಡ್ರಿ

ಹೊಲದ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕೆಲವು ಜಾತಿಗೆ ವಿನಾಯಿತಿ ಇದೆ, ಸಾಗವಾನಿಯಂಥದಕ್ಕೆ ಅನುಮತಿ ಬೇಕು. ಸಾಮಿಲ್ ನಡೆಸಲು ಅರಣ್ಯ ಇಲಾಖೆಯ ಲೈಸೆನ್ಸ್ ಬೇಕು, ಸುಪ್ರೀಂ ಕೋರ್ಟಿನ 1996ರ ಗೋದಾವರ್ಮನ್ ಪ್ರಕರಣದ ಆದೇಶಗಳ ನಂತರ ಇದು ಇನ್ನೂ ಬಿಗಿ. ಗಾಲಿ ಇದೆ, ಎಳೆದೊಯ್ಯಬಹುದು ಅಂತ ಯಂತ್ರಕ್ಕೆ ರಿಯಾಯಿತಿ ಸಿಗುತ್ತದೆ ಅಂದುಕೊಳ್ಳಬೇಡ್ರಿ. ಯಂತ್ರಕ್ಕೆ ದುಡ್ಡು ಕೊಡುವ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳ್ರಿ.

ದಿನದ ಹತ್ತು ನಿಮಿಷ

ಬೆಳಿಗ್ಗೆ: ಗಾಲಿ ಕೆರೆಯಿರಿ, ಬೆಲ್ಟು ನೋಡ್ರಿ, ಬ್ಲೇಡಿನ ಹಲ್ಲಿನ ಸಂದಿಗಳಲ್ಲಿ ಬಿರುಕು ಹುಡುಕ್ರಿ, ಟೆನ್ಷನ್ ಏರಿಸ್ರಿ, ಕೈಯಿಂದ ತಿರುಗಿಸಿ ಟ್ರ್ಯಾಕಿಂಗ್ ನೋಡ್ರಿ. ಬಿರುಕು ಕಂಡ ಬ್ಲೇಡು ಆ ದಿನವೇ ಕೆಳಗೆ. ಕವರ್ ಮುಚ್ಚದೆ ಚಾಲೂ ಮಾಡಬೇಡ್ರಿ, ಓಡುವಾಗ ಬ್ಲೇಡಿನ ಸಾಲಿನಲ್ಲಿ ಯಾರೂ ನಿಲ್ಲಬಾರದು. ತುಂಡಾದ ಬ್ಲೇಡು ಹಾರುವುದು ಅದೇ ಸಾಲಿಗೆ.

ಮಿಲ್ಲಿನ ಕಂಬಕ್ಕೆ ಒಂದು ವಹಿ ಕಟ್ರಿ. ಬ್ಲೇಡು ಹಾಕಿದ ತಾರೀಕು, ಎಷ್ಟು ದಿಮ್ಮಿ ಕೊಯ್ದಿತು, ಬೆಲ್ಟು ಬದಲಿಸಿದ್ದು ಯಾವಾಗ, ನಾಬ್ ಎಷ್ಟು ತಿರುಗಿಸಿದಿರಿ, ಎಲ್ಲ ಬರೀರಿ. ಒಂದು ತಿಂಗಳು ಬರೆದರೆ ನನಗೆ ಫೋನ್ ಮಾಡುವ ಪ್ರಸಂಗ ಕಡಿಮೆ ಆಗುತ್ತದೆ. ಆದರೂ ಮಾಡಬೇಕಾಗಿ ಬಂದರೆ ವಹಿ ಕೈಯಲ್ಲಿ ಹಿಡಿದುಕೊಂಡು ಮಾಡ್ರಿ.